ಹದಿನಾರು ಫೂಟಿಗೆ ನೀರು

ಆ ವರ್ಷದ ಏಪ್ರಿಲ್ ಮೊದಲ ವಾರದಲ್ಲಿ ಬೀದರಿನ ನೌಬಾದ ಕಡೆಯ ಆ ಓಣಿಯಲ್ಲಿ ನಲವತ್ತೊಂದು ಮನೆಗಳಿದ್ದವು. ಅವುಗಳಲ್ಲಿ ಒಂಬತ್ತಕ್ಕೆ ಬೀಗ ಬಿದ್ದಿತ್ತು. ಮನೆಯವರು ಹೈದರಾಬಾದಿನಲ್ಲೋ ಪುಣೆಯಲ್ಲೋ ಇದ್ದರು. ಕೈಪಂಪು ಎರಡಿದ್ದವು. ಒಂದರಲ್ಲಿ ನೀರಿರಲಿಲ್ಲ, ಇನ್ನೊಂದರಲ್ಲಿ ನೀರಿನ ಜೊತೆಗೆ ಹಿಡಿಕೆಯೂ ಇರಲಿಲ್ಲ. ನಳಕ್ಕೆ ಕಿವಿ ಹಚ್ಚಿದರೆ ದೂರದಲ್ಲಿ ಯಾರೋ ನಿಟ್ಟುಸಿರು ಬಿಟ್ಟಂತೆ ಕೇಳುತ್ತಿತ್ತು. ಇಂಥ ಓಣಿಯ ಏಳನೇ ಮನೆಯ ಮಚ್ಛೇಂದ್ರ ಒಂದು ಮೋಟರ್ ಬೋಟು ಕೊಳ್ಳುವುದೆಂದು ನಿರ್ಧರಿಸಿದ.

ಬಿಸಿಲು ತಲೆಗೇರಿ ಮಾಡಿದ ನಿರ್ಧಾರ ಇದು ಎಂದು ಆಮೇಲೆ ಹಲವರು ಹೇಳಿದರು. ಅದು ಸರಿಯಲ್ಲ. ನಿರ್ಧಾರ ಆಗಿದ್ದು ನಲವತ್ತೊಂಬತ್ತು ವರ್ಷದ ಹಿಂದೆ, ಮಾಂಜ್ರಾ ಹೊಳೆಯ ನಟ್ಟನಡುವೆ.

ಮಚ್ಛೇಂದ್ರನ ಊರು ಔರಾದ ತಾಲ್ಲೂಕಿನ ಎಕಂಬಾ. ಹನ್ನೆರಡನೇ ವಯಸ್ಸಿಗೆ ಅವನನ್ನು ಭಾಲ್ಕಿಯ ಸಾಲೆಗೆ ಹಾಕಿದರು. ನಡುವೆ ಮಾಂಜ್ರಾ. ಆಗ ಅಲ್ಲಿ ಸೇತುವೆ ಇರಲಿಲ್ಲ, ದೋಣಿ ಇತ್ತು. ದೋಣಿ ನಡೆಸುವವನ ಮಗ ದಸ್ತಗೀರ, ಮಚ್ಛೇಂದ್ರನ ವಯಸ್ಸಿನವನೇ. ಅವನ ಅಪ್ಪ ದಂಡೆಯ ಮೇಲೆ ನಿಂತು ಎರಡೂ ಕೈ ಬಾಯಿಗೆ ಹಚ್ಚಿ, "ಆ ದಂಡಿಯವ್ರೂ... ಬರ್ರೀ, ದೋಣಿ ಬಿಡ್ತದ" ಎಂದು ಕೂಗಿದರೆ ಆಚೆ ಹೊಲದಲ್ಲಿ ಕಳೆ ಕೀಳುತ್ತಿದ್ದವರೂ ಎದ್ದು ನಿಲ್ಲುತ್ತಿದ್ದರು. ಒಂದು ಆಷಾಢದಲ್ಲಿ, ಅಪ್ಪ ಹುಟ್ಟು ಹಾಕಿ ಹಾಕಿ ಭುಜ ಹಿಡಿದುಕೊಂಡು ಕೂತಾಗ, ಇಬ್ಬರು ಹುಡುಗರೂ ಮಾತಾಡಿಕೊಂಡರು: ದೊಡ್ಡವರಾದ ಮೇಲೆ ಇದಕ್ಕೊಂದು ಮೋಟರ್ ಹಚ್ಚೋಣ.

ಆಮೇಲೆ ಸೇತುವೆ ಬಂತು. ದೋಣಿ ಹೋಯಿತು. ಮಚ್ಛೇಂದ್ರ ಭಾಲ್ಕಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆದ. ಮೂವತ್ತೊಂದು ವರ್ಷ ಮೈಕಿನ ಮುಂದೆ ಕೂತು ಊರವರನ್ನೆಲ್ಲ ಬೇರೆ ಬೇರೆ ಊರಿಗೆ ಕಳಿಸಿದ. ಧ್ವನಿವರ್ಧಕ ಅವನ ಬಲಗಿವಿಯ ಮೇಲೆಯೇ ಇದ್ದುದರಿಂದ ನಿವೃತ್ತಿಯ ಹೊತ್ತಿಗೆ ಆ ಕಿವಿ ಅರ್ಧ ಕೆಲಸ ಬಿಟ್ಟಿತ್ತು. ಮಾತಿನ ಮೊದಲಕ್ಷರ ಕೇಳುತ್ತಿತ್ತು, ಕೊನೆಯದನ್ನು ಅವನೇ ಸೇರಿಸಿಕೊಳ್ಳುತ್ತಿದ್ದ. ದಸ್ತಗೀರ ಮಾಂಜ್ರಾದಲ್ಲಿ ಮೀನು ಹಿಡಿದು ಬದುಕಿದ. ಎರಡು ವರ್ಷ ಮಳೆ ಕೈಕೊಟ್ಟು ಹೊಳೆಯಲ್ಲಿ ಮೀನಿರಲಿ ಕಪ್ಪೆಯೂ ಉಳಿಯದಾದಾಗ ಅವನೂ ಒಂದು ಚೀಲ ಹಿಡಿದು ಭಾಲ್ಕಿ ನಿಲ್ದಾಣಕ್ಕೆ ಬಂದ. ಆ ದಿನ ಮೈಕಿನ ಮುಂದೆ ಮಚ್ಛೇಂದ್ರನೇ ಇದ್ದ. "ಹೈದರಾಬಾದಿಗೆ ಹೋಗುವ ಪ್ರಯಾಣಿಕರ ಗಮನಕ್ಕೆ" ಎಂದು ಒಮ್ಮೆ ಹೇಳಿದ. ಪದ್ಧತಿಯಂತೆ ಅಷ್ಟು ಸಾಕು. ಅವನು ಇನ್ನೊಮ್ಮೆ ಹೇಳಿದ, ನಿಧಾನವಾಗಿ, ದಾರಿಯ ಊರುಗಳನ್ನೆಲ್ಲ ಸೇರಿಸಿ. ಬಸ್ಸು ನಾಲ್ಕು ನಿಮಿಷ ತಡವಾಗಿ ಬಿಟ್ಟಿತು. ಮೂವತ್ತೊಂದು ವರ್ಷದಲ್ಲಿ ಅವನಿಂದ ತಡವಾದ ಬಸ್ಸು ಅದೊಂದೇ.

ದಸ್ತಗೀರನಿಗೆ ಹೈದರಾಬಾದಿನ ಆಚೆ ಒಂದು ಕೆರೆಯ ಮೇಲೆ, ಮಂದಿಯನ್ನು ದೋಣಿಯಲ್ಲಿ ತಿರುಗಿಸುವ ಗುತ್ತಿಗೆದಾರನ ಹತ್ತಿರ ಕೆಲಸ ಸಿಕ್ಕಿತು. ಶುಕ್ರವಾರ ನಮಾಜು ಮುಗಿಸಿ ಫೋನು ಮಾಡುತ್ತಿದ್ದ. ಮಾರ್ಚಿನ ಕೊನೆಯ ಶುಕ್ರವಾರ ಅವನು ಹೇಳಿದ್ದು: ಗುತ್ತಿಗೆದಾರ ಹಳೆಯ ಬೋಟುಗಳನ್ನು ಮಾರುತ್ತಿದ್ದಾನೆ.

"ಮೂರು ಅವ, ಮಚ್ಛ್ಯಾ. ಒಂದು ಹನ್ನೆರಡು ಫೂಟಿಂದು, ಮುಂದ ಹಂಸದ ಮಾರಿ ಅದ. ಮಾರಿ ಚೊಲೋ ಅದ, ತಳ ತೂತದ."

"ಬರೀ ಮಾರಿ ತಗೊಂಡು ನಾ ಏನ್ ಮಾಡ್ಲಿ."

"ಎರಡನೇದು ಭಾಳ ಜೋರ್ ಓಡ್ತದ. ಖರೇ ತಳ ಚೂಪದ, ನೀರು ಆಳ ಬೇಕು. ಮಾಂಜ್ರಾದಾಗ ಹಾಕಿದ್ರ ಉಸುಕಿನಾಗ ನಟ್ಟು ನಿಂದ್ರತದ, ಕಂಬದಂಗ."

"ಮೂರನೇದು ಹೇಳು."

"ಹದಿನಾರು ಫೂಟು. ಫೈಬರ್. ತಳ ಚಪ್ಪಟಿ. ಹತ್ತು ಎಚ್‌ಪಿ ಮೋಟರ್. ಆರು ಮಂದಿ ಆರಾಮ್ ಕೂಡ್ತಾರ, ಒತ್ತಿದ್ರ ಎಂಟು. ಎರಡು ಫೂಟು ನೀರಿದ್ರ ಸಾಕು, ತೇಲ್ತದ. ಬಣ್ಣ ನೀಲಿ ಇತ್ತು ಅಂತ ಕಾಣ್ತದ."

ಮಚ್ಛೇಂದ್ರ ಮೂರನೆಯದನ್ನು ಆರಿಸಿದ. ಆರಿಸಿದ ಮೇಲೆ ಕೇಳಬೇಕಾದ್ದನ್ನು ಕೇಳಿದ. "ದೋಣಿ ಬಂದ್ರ ನೀ ಬರ್ತಿಯೇನು, ದಸ್ತ್ಯಾ?"

"ನೋಡು. ದೋಣಿ ಒಂದ್ ಕಡಿ, ನೀರು ಒಂದ್ ಕಡಿ ಇರೋ ಊರಾಗ ನಾ ಏನ್ ಮಾಡ್ಲಿ. ಎರಡೂ ಒಂದೇ ಕಡಿ ಇದ್ವು ಅಂದ್ರ ಬರ್ತೇನಿ. ಬಂದ್ರ ತಿರುಗಿ ಹೋಗಂಗಿಲ್ಲ. ಜುಬಾನ್, ಮಾತು ಕೊಟ್ಟೇನಿ."

"ಜಾಗಾ ನಾ ನೋಡ್ತೇನಿ," ಎಂದ ಮಚ್ಛೇಂದ್ರ.

ಇನ್ನು ಹೆಂಡತಿಗೆ ಹೇಳುವುದು ಬಾಕಿ. ಕೇಶರಬಾಯಿ ಮನೆಯೊಳಗೆ ಹೊಸ ಸ್ಟೂಲು ಬರಬೇಕಾದರೂ ಮೂರು ಪ್ರಶ್ನೆ ಕೇಳುವ ಹೆಂಗಸು. ಮಚ್ಛೇಂದ್ರ ಎಂಟು ದಿನ ಮಾತು ಹೊಂದಿಸಿದ. ನಿವೃತ್ತಿಯ ಹಣ ಸುಮ್ಮನೆ ಕೂತಿರುವುದು, ಮನುಷ್ಯನಿಗೆ ಒಂದು ಹಂಬಲ ಇರಬೇಕಾದ್ದು, ಗೌತಮ ಬುದ್ಧ ಹೊಳೆ ದಾಟುವ ದೋಣಿಯ ಬಗ್ಗೆ ಹೇಳಿದ್ದು, ಎಲ್ಲ ಸಿದ್ಧಪಡಿಸಿದ. ಒಂಬತ್ತನೇ ದಿನ ಬೆಳಿಗ್ಗೆ ಅವಳು ಖಾಲಿ ಕೊಡಗಳನ್ನು ಬೋರಲು ಹಾಕುತ್ತಿದ್ದಾಗ ಒಳಗೆ ಹೋಗಿ ನಿಂತ.

"ಒಂದು ಮೋಟರ್ ಬೋಟ ತಗೊಳ್ಳೋಣು ಅಂತೇನಿ."

ಕೊಡ ಕೊಡಕ್ಕೆ ಬಡಿಯಿತು. ಕೇಶರಬಾಯಿ ತಿರುಗಿ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಆ ಮನೆಯಲ್ಲಿ ಹದಿನೈದು ದಿನದಲ್ಲಿ ಬಂದ ಮೊದಲ ನೀರು ಅದು.

"ತಗೋರಿ," ಎಂದಳು. "ನನಗ್ಯಾಕ ಕೇಳ್ತೀರಿ. ಹೋದ ವರ್ಷನೇ ತಗೋಬೇಕಿತ್ತು."

ಮಚ್ಛೇಂದ್ರ ಬುದ್ಧನ ದೋಣಿಯನ್ನು ಬಾಯಲ್ಲೇ ನುಂಗಿಕೊಂಡು ಹೊರಗೆ ಬಂದ. ಮೂವತ್ತಾರು ವರ್ಷದ ಸಂಸಾರದಲ್ಲಿ ಹೆಂಡತಿಯನ್ನು ತಾನು ತಿಳಿದೇ ಇರಲಿಲ್ಲ ಎಂದು ಅವನಿಗೆ ಅನ್ನಿಸಿತು. ಈ ಒಂದು ವಿಷಯದಲ್ಲಿ ಅವನ ಅನಿಸಿಕೆ ಸರಿಯಾಗಿತ್ತು.

ಇಲ್ಲಿ ಒಂದು ವಿವರಣೆ ಅಗತ್ಯ. ಆ ಬೇಸಿಗೆಯಲ್ಲಿ ಬೀದರ ಜಿಲ್ಲೆಯಲ್ಲಿ "ಮೋಟರ್" ಎಂಬ ಮಾತು ಬಾಯಿಂದ ಹೊರಟರೆ ಅದರ ಹಿಂದೆ "ಬೋರ್" ಎಂಬುದು ತಾನಾಗಿ ಬರುತ್ತಿತ್ತು. ಬೋರು ಕೊರೆಸುವುದು, ಮೋಟರ್ ಇಳಿಸುವುದು, ಮಂದಿಗೆ ಬೇರೆ ಮಾತೇ ಇರಲಿಲ್ಲ. "ಬೋಟ" ಎಂಬ ಮಾತು ಆ ಓಣಿಯಲ್ಲಿ ಅದುವರೆಗೆ ಯಾರ ಬಾಯಿಂದಲೂ ಬಂದಿರಲಿಲ್ಲ. ಹೀಗಿರುವಾಗ ಕೇಶರಬಾಯಿಯನ್ನು ದೂರುವಂತಿಲ್ಲ.

ಸಂಜೆಯ ಹೊತ್ತಿಗೆ ಮೂಲೆಯ ಕಿರಾಣಿ ಅಂಗಡಿಯ ಹಾವಗೆಪ್ಪ, ಎಂದೂ ಎದ್ದು ನಿಲ್ಲದವನು, ಮಚ್ಛೇಂದ್ರನನ್ನು ಕಂಡು ಎದ್ದು ನಿಂತ. ಸಕ್ಕರೆ ಚೀಲದ ಮೇಲಿದ್ದ ಬೆಕ್ಕನ್ನು ಇಳಿಸಿ ಕೂಡಲು ಜಾಗ ಮಾಡಿದ.

"ಕಂಟ್ರೋಲರ್ ಸಾಬ್ರು ಮೋಟರ್ ಬೋರ ತಗೊಳಾಕ್ಹತ್ತಾರಂತ, ಖರೇ ಏನ್ರಿ?"

"ಖರೇನ್ರಿ." ಬಲಗಿವಿ ತನ್ನ ಕೆಲಸ ಮಾಡಿತ್ತು.

"ಎಷ್ಟು ಫೂಟು?"

"ಹದಿನಾರು."

ಹಾವಗೆಪ್ಪ ತಕ್ಕಡಿ ಕೆಳಗಿಟ್ಟ. ಪಕ್ಕದ ಓಣಿಯಲ್ಲಿ ಒಬ್ಬರು ಎಂಟುನೂರು ಫೂಟು ಕೊರೆಸಿ ಬರೀ ಕೆಂಪು ಧೂಳು ತೆಗೆದಿದ್ದರು. "ಹದಿನಾರಕ್ಕ ಆಗ್ತದಂತೇನ್ರಿ?"

"ಅದಕ್ಕಿಂತ ದೊಡ್ಡದು ನಮಗ್ಯಾಕ್ ಬೇಕ್ರಿ. ತಿಳಿದವ್ರು ಹೇಳ್ಯಾರ. ಎರಡು ಫೂಟು ನೀರಿದ್ರ ಸಾಕಂತ."

"ಎಚ್‌ಪಿ?"

"ಹತ್ತು."

"ಬರೋಬರಿ ಅದ," ಎಂದ ಹಾವಗೆಪ್ಪ. ಆಮೇಲೆ ಧ್ವನಿ ತಗ್ಗಿಸಿ, "ಎಷ್ಟು ಮಂದಿಗೆ ಆಗ್ತದ್ರಿ?"

"ಆರು ಮಂದಿಗೆ ಆರಾಮ್. ಒತ್ತಿದ್ರ ಎಂಟು."

ಈ ಎಂಟು ಎಂಬ ಅಂಕಿ ಓಣಿಯನ್ನು ಒಡೆಯಿತು. ಬೀಗ ಬಿದ್ದ ಒಂಬತ್ತು ಮನೆ ಬಿಟ್ಟರೂ ಮೂವತ್ತೆರಡು ಉಳಿಯುತ್ತವೆ. ಹಾವಗೆಪ್ಪ ಸೋಪಿನ ರಟ್ಟೊಂದನ್ನು ಹರಿದು ಎಂಟು ಹೆಸರು ಬರೆದ, ಮೊದಲನೆಯದು ತನ್ನದು. ಮರುದಿನ ಬೆಳಿಗ್ಗೆ ರಟ್ಟಿನ ಮೇಲೆ ಹತ್ತೊಂಬತ್ತು ಹೆಸರಿದ್ದವು, ಮೊದಲನೆಯದನ್ನು ಯಾರೋ ಹೊಡೆದು ಹಾಕಿದ್ದರು. ಕೊನೇ ಮನೆಯ ಹಾಜಿರಾಬೀ, ಎಪ್ಪತ್ತೆಂಟು ವರ್ಷದವಳು, ರಟ್ಟನ್ನು ನಂಬದೆ ಸೀದಾ ಮಚ್ಛೇಂದ್ರನ ಕಟ್ಟೆಗೆ ಬಂದು ಕೂತಳು.

"ಎಂಟರಾಗ ನಾ ಇದ್ದೇನೋ ಇಲ್ಲೋ, ಬೇಟಾ?"

"ನೀ ಮೊದಲು, ಚಾಚಿ. ಮುಂದೇ ಕೂಡು."

"ಕೂಡಾಕ ಯಾಕಪ್ಪಾ, ನಿಂತೇ ತುಂಬಕೋತೇನಿ."

ನಿಂತರೆ ದೋಣಿ ಹೊಯ್ದಾಡುತ್ತದೆ ಎಂದು ಮಚ್ಛೇಂದ್ರ ಅವಳಿಗೆ ಸಮಾಧಾನದಿಂದ ತಿಳಿಸಿದ. ಹಾಜಿರಾಬೀ ತಲೆ ಆಡಿಸಿದಳು. ಅವಳ ಎರಡೂ ಕಿವಿಗಳು ಮುಕ್ಕಾಲು ಕೆಲಸ ಬಿಟ್ಟಿದ್ದವು.

ಓಣಿಯ ಆತುರಕ್ಕೆ ಕಾರಣ ಇತ್ತು. ದಿನಾ ಮಧ್ಯಾಹ್ನ ಮಾಣಿಕನ ಟ್ಯಾಂಕರು ಓಣಿಯ ಬಾಯಿಗೆ ಬಂದು ನಿಲ್ಲುತ್ತಿತ್ತು. ಮಾಣಿಕ ಇಳಿಯದೇ ಕೇಳುತ್ತಿದ್ದ, "ಟಾಕಿ ಅದ?" ಟಾಕಿ, ಎಂದರೆ ನೀರು ತುಂಬಿಡುವ ತೊಟ್ಟಿ, ಇದ್ದ ಓಣಿಯಲ್ಲಿ ಟ್ಯಾಂಕರು ನೀರು ಖಾಲಿ ಮಾಡಿ ಹದಿನೈದು ನಿಮಿಷದಲ್ಲಿ ಹೋಗಬೇಕು, ಒಂದೊಂದೇ ಕೊಡ ತುಂಬುತ್ತ ನಿಲ್ಲುವಂತಿಲ್ಲ ಎಂದು ಅವನಿಗೆ ಕೊಟ್ಟ ಕಾಗದದಲ್ಲಿತ್ತು. ಈ ಓಣಿಗೆ ಟಾಕಿ ಇರಲಿಲ್ಲ. "ಇಲ್ಲ" ಎಂದು ಯಾರಾದರೂ ಹೇಳಿದ ಮೇಲೆ ಮಾಣಿಕ ಮುಂದಿನ ಓಣಿಗೆ ಹೋಗುತ್ತಿದ್ದ. ಟ್ಯಾಂಕರಿನ ಹಿಂದೆ ರಸ್ತೆಯ ಮೇಲೆ ಬೀಳುವ ಒದ್ದೆ ಗೆರೆಯನ್ನು ಹೆಂಗಸರು ಅದು ಒಣಗುವವರೆಗೂ ನೋಡುತ್ತಿದ್ದರು.

ಮಚ್ಛೇಂದ್ರ ಜಾಗ ನೋಡಲು ಹೊರಟ. ಮೊದಲು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯ. ಒಡ್ಡಿನ ಮೇಲೆ ಬೇವಿನ ನೆರಳಲ್ಲಿ ಒಬ್ಬ ಕಾವಲುಗಾರ ಕೂತಿದ್ದ. ಕೆಳಗೆ ಕಣ್ಣು ಹೋದಷ್ಟೂ ಬಿರಿದ ನೆಲ, ಅದರಾಚೆ ಬಹಳ ದೂರದಲ್ಲಿ ಒಂದು ಹರಿವಾಣದಷ್ಟು ಹೊಳಪು.

"ಇಲ್ಲಿ ಒಂದು ಬೋಟು ಇಡಬೇಕಿತ್ತು. ಜಾಗಾ ಸಿಗ್ತದೇನ್ರಿ?"

ಕಾವಲುಗಾರ ಜಲಾಶಯವನ್ನು ಒಮ್ಮೆ, ಮಚ್ಛೇಂದ್ರನನ್ನು ಒಮ್ಮೆ ನೋಡಿದ. "ಎಲ್ಲಿ ಬೇಕಲ್ಲಿ ಇಡ್ರಿ. ಪೂರಾ ಖಾಲಿ ಅದ."

ಅಲ್ಲಿಂದ ಮಾಂಜ್ರಾಕ್ಕೆ ಹೋದ. ಸೇತುವೆಯ ಮೇಲೆ ಬಸ್ಸಿನಿಂದ ಇಳಿದು, ದಂಡೆಯಗುಂಟ ನಡೆದು, ಹಳೆಯ ದೋಣಿಗಟ್ಟೆ ಹುಡುಕಿದ. ಹಗ್ಗ ಕಟ್ಟುತ್ತಿದ್ದ ಕಲ್ಲು ಇನ್ನೂ ಇತ್ತು. ಹಗ್ಗ ತಿಕ್ಕಿ ತಿಕ್ಕಿ ಅದರ ಸೊಂಟದಲ್ಲಿ ಬೆರಳು ಕೂಡುವಷ್ಟು ಗೀರು ಬಿದ್ದಿತ್ತು. ಮಚ್ಛೇಂದ್ರ ಬೆರಳು ಇಟ್ಟು ನೋಡಿದ. ಹೊಳೆಯ ನಡುವೆ ಎರಡು ಟ್ರ್ಯಾಕ್ಟರು ಉಸುಕು ತುಂಬುತ್ತಿದ್ದವು. ಆಡಿನ ಹಿಂಡೊಂದು ಕಾಲು ಒದ್ದೆಯಾಗದಂತೆ ಔರಾದ ಕಡೆಯಿಂದ ಭಾಲ್ಕಿ ಕಡೆಗೆ ಬಂತು. ಅವನು ಕಲ್ಲಿನ ಮೇಲೆ ಕೂತ. ಅರ್ಧ ತಾಸಿನ ಮೇಲೆ ಟ್ರ್ಯಾಕ್ಟರಿನವನೊಬ್ಬ ಹಾದು ಹೋಗುತ್ತ ನಿಲ್ಲಿಸಿದ.

"ಕಾಕಾ, ಯಾವ ಗಾಡಿಗೆ ಕಾಯಾಕ್ಹತ್ತೀರಿ? ಬಸ್ಸು ಮ್ಯಾಲ ನಿಂದ್ರತದ್ರಿ, ಇಲ್ಲಿ ಏನೂ ಬರಂಗಿಲ್ಲ."

"ಗೊತ್ತದಪ್ಪಾ," ಎಂದ ಮಚ್ಛೇಂದ್ರ. ಎದ್ದು ಹೋಗಲು ಮತ್ತೆ ಅರ್ಧ ತಾಸು ಹಿಡಿಯಿತು.

ಶುಕ್ರವಾರ ಫೋನು ಬಂದಾಗ ಅವನು ಹಾವಗೆಪ್ಪನ ಅಂಗಡಿಯಲ್ಲಿದ್ದ. ಕೇಳಿಸದವರು ಮಾತಾಡುವಷ್ಟು ಜೋರಾಗಿ ಮಾತಾಡಿದ. "ಮಳಿ ಬರೋತನಾ ಮನಿ ಹಿಂದೇ ಇಡೋಣು, ದಸ್ತ್ಯಾ. ಹೂಂ, ಹಿತ್ತಲದಾಗ. ನೀರೇನು? ನೀರು ಆಗ್ತದ. ನಾ ಹೇಳ್ತೇನಲ್ಲ, ಆಗ್ತದ. ನೀ ತಗೊಂಡು ಬಾ."

ನೀರಿನ ಮಾತು ಸುಳ್ಳು ಎಂಬುದು ಅವನಿಗೆ ಗೊತ್ತಿತ್ತು. ಅಂಗಡಿಯಲ್ಲಿದ್ದ ಹನ್ನೊಂದು ಜನರಿಗೆ ಮಾತ್ರ ಗೊತ್ತಿರಲಿಲ್ಲ.

ಮರುದಿನ ಕಮಠಾಣದಿಂದ ಮನ್ಮಥಪ್ಪನನ್ನು ಕರೆಸಿದರು. ಮನ್ಮಥಪ್ಪ ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ಅಡ್ಡಾಡುವವ. ಕಾಯಿ ಎದ್ದು ನಿಂತಲ್ಲಿ ಕೆಳಗೆ ನೀರು ಎಂಬುದು ನಂಬಿಕೆ. ಓಣಿಯವರು ಇಷ್ಟು ಪ್ರೀತಿಯಿಂದ ತನ್ನ ಬೋಟಿನ ಜಾಗಕ್ಕೆ ಕಾಯಿ ಹಿಡಿಸಿ ಪೂಜೆ ಮಾಡಿಸುತ್ತಿದ್ದಾರೆಂದು ತಿಳಿದು ಮಚ್ಛೇಂದ್ರ ಎಲ್ಲರಿಗೂ ಕೈ ಮುಗಿದ. ಮನ್ಮಥಪ್ಪ ಹಿತ್ತಲಲ್ಲಿ ಏಳು ಸುತ್ತು ಹಾಕಿದ. ಬೇವಿನ ಮರ ಮತ್ತು ಬಚ್ಚಲಿನ ನಡುವೆ ಕಾಯಿ ಎದ್ದು ನಿಂತಿತು.

"ಇಲ್ಲಿ," ಎಂದ ಮನ್ಮಥಪ್ಪ.

"ಉದ್ದಕ್ಕೋ ಅಡ್ಡಕ್ಕೋ?" ಎಂದು ಕೇಳಿದ ಮಚ್ಛೇಂದ್ರ.

ನಲವತ್ತು ವರ್ಷದ ವೃತ್ತಿಯಲ್ಲಿ ಈ ಪ್ರಶ್ನೆಯನ್ನು ಮನ್ಮಥಪ್ಪನಿಗೆ ಯಾರೂ ಕೇಳಿರಲಿಲ್ಲ. "ಸೀದಾ ಕೆಳಗ್ರಿ," ಎಂದ.

ಬೇವಿನ ಸೀದಾ ಕೆಳಗೆ, ನೆರಳೂ ಆಯಿತು ಎಂದುಕೊಂಡ ಮಚ್ಛೇಂದ್ರ. ಕೇಶರಬಾಯಿ ಆ ಜಾಗದಲ್ಲಿದ್ದ ಒಗೆಯುವ ಕಲ್ಲನ್ನು ತಾನೇ ನಿಂತು ಸರಿಸಿದಳು. ಹನ್ನೊಂದು ವರ್ಷದ ಕರಿಬೇವಿನ ಗಿಡವನ್ನು ಕಡಿಸಿದಳು. ಅದನ್ನು ಕಡಿಯುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. ಇಷ್ಟೊಂದು ತ್ಯಾಗ ಮಾಡುವ ಹೆಂಡತಿಯನ್ನು ಮೊದಲ ದಿನವೇ ದೋಣಿಯಲ್ಲಿ ಕೂಡಿಸಿಕೊಂಡು ಹೋಗಬೇಕೆಂದು ಮಚ್ಛೇಂದ್ರ ಮನಸ್ಸಿನಲ್ಲೇ ತೀರ್ಮಾನಿಸಿದ.

ಎಂಟು ಹೆಸರಿನ ಸುದ್ದಿ ಪಕ್ಕದ ಓಣಿಗೆ ಹೋಗಿ, ಅಲ್ಲಿಂದ ಒಂದು ತಕರಾರು ಅರ್ಜಿಯಾಗಿ, ಅರ್ಜಿಯ ಹಿಂದೆ ಬೋರಿಗೆ ಪರ್ಮಿಷನ್ ಕೊಡುವ ಕಚೇರಿಯ ಒಬ್ಬ ಸಾಹೇಬರು ಬಂದರು. ಕೈಯಲ್ಲಿ ಟೇಪು, ಬಗಲಲ್ಲಿ ಫೈಲು. ಹಿಡಿಕೆ ಇಲ್ಲದ ಕೈಪಂಪಿನಿಂದ ಹಿತ್ತಲಿಗೆ ಎಷ್ಟು ದೂರ ಎಂದು ಅಳೆದು, ನಿಯಮಕ್ಕಿಂತ ಕಡಿಮೆ ಇದೆ ಎಂದು ಗಂಭೀರವಾಗಿ ಬರೆದುಕೊಂಡರು.

"ಎಷ್ಟು ಫೂಟು?"

"ಹದಿನಾರು ನೂರು ಬರಕೋರಿ ಸಾಹೇಬ್ರ," ಎಂದು ಪಕ್ಕದ ಓಣಿಯವನೊಬ್ಬ ಹೇಳಿಕೊಟ್ಟ.

"ಹದಿನಾರು ನೂರಲ್ರಿ," ಎಂದ ಮಚ್ಛೇಂದ್ರ. "ಬರೇ ಹದಿನಾರು. ಅಷ್ಟು ದೊಡ್ಡದಂದ್ರ ಅದು ಹಡಗ್ರಿ."

ಸಾಹೇಬರು ಹಡಗು ಎಂಬುದನ್ನು ಕೇಳಿಸಿಕೊಳ್ಳಲಿಲ್ಲ, ಹದಿನಾರಕ್ಕೆ ನಿಂತುಬಿಟ್ಟಿದ್ದರು. ಫೈಲು ತಿರುವಿದರು. ಕೊನೆಗೆ ಪೆನ್ನು ಮುಚ್ಚಿದರು. "ಹದಿನಾರು ಫೂಟಿಗೆ ನಮ್ಮ ಕಡಿಂದ ಪರ್ಮಿಷನ್ ಬೇಕಾಗಿಲ್ರಿ. ಅದು ತಗ್ಗು. ತಗ್ಗು ಯಾರು ಬೇಕಾದ್ರೂ ತೋಡಬಹುದು."

ಸರಕಾರದ ಅಪ್ಪಣೆಯೂ ಆಯಿತೆಂದು ಓಣಿ ಚಹಾ ಕುಡಿಯಿತು. ಹಾಲು ಹೆಚ್ಚು, ನೀರು ಕಡಿಮೆ.

ಆ ವಾರದ ಕೊನೆಗೆ ಕೇಶರಬಾಯಿಯ ತಮ್ಮ ಗೋರಖನಾಥ ಪುಣೆಯಿಂದ ಬಂದಿಳಿದ. ಅಲ್ಲಿ ಕಟ್ಟಡದ ಕೆಲಸದಲ್ಲಿದ್ದವನು, ಹೆಂಡತಿಯನ್ನೂ ತಗಡಿನ ಪೆಟ್ಟಿಗೆಯನ್ನೂ ಕರೆದುಕೊಂಡೇ ಬಂದಿದ್ದ. "ಅಕ್ಕಾ ಫೋನಿನ್ಯಾಗ ಹೇಳಿದ್ಳು. ಮಾಮಾ, ನೀರಿದ್ದ ಊರು ಬಿಟ್ಟು ನಾ ಅಲ್ಲಿ ಯಾಕಿರ್ಲಿ. ನಿಮ್ಮ ಕಾಲಾಗೇ ಇರ್ತೇನಿ."

ದೋಣಿಯ ಸುದ್ದಿ ಕೇಳಿ ಪುಣೆ ಬಿಟ್ಟು ಬರುವ ಮನುಷ್ಯ ತನ್ನ ಬೀಗರಲ್ಲೇ ಒಬ್ಬನಿದ್ದಾನೆಂದು ಮಚ್ಛೇಂದ್ರನಿಗೆ ಹೆಮ್ಮೆಯಾಯಿತು. ಬೀಗ ಬಿದ್ದ ಮನೆಗಳಲ್ಲಿ ಇನ್ನೆರಡು ತೆರೆದವು.

ಬೋಟು ಬಂದದ್ದು ಗುರುವಾರ, ಮಧ್ಯಾಹ್ನ ಎರಡು ಗಂಟೆಗೆ. ಓಣಿಯ ಬಾಯಲ್ಲಿ ಲಾರಿ ಹಿಮ್ಮುಖವಾಗಿ ನಿಂತಿತು, ಮೇಲೆ ತಾಡಪತ್ರಿ ಹೊದಿಸಿತ್ತು. ಮೂವತ್ತನಾಲ್ಕು ಮನೆಯವರೂ ಹೊರಗೆ ಬಂದಿದ್ದರು. ಸಾಲಿನಲ್ಲಿ ನಿಲ್ಲಿಸಿದ ಕೊಡಗಳನ್ನು ಎಣಿಸಿದವರ ಪ್ರಕಾರ ಇನ್ನೂರ ಹನ್ನೆರಡು. ಹಾವಗೆಪ್ಪ ಊದಿನಕಡ್ಡಿ ಹಚ್ಚಿದ. ಮನ್ಮಥಪ್ಪ ಹೊಸ ಟೊಪ್ಪಿಗೆ ಹಾಕಿಕೊಂಡು ಬಂದಿದ್ದ. ಬೋರಿನ ಗಾಡಿಗೆ ಇರುವ ಎತ್ತರದ ಕಂಬ ಇದಕ್ಕೆ ಯಾಕಿಲ್ಲ ಎಂದು ಒಬ್ಬ ಕೇಳಿದ; ಹದಿನಾರು ಫೂಟಿಗೆ ಕಂಬ ಯಾಕೆ ಎಂದು ಇನ್ನೊಬ್ಬ ಬಾಯಿ ಮುಚ್ಚಿಸಿದ.

ಲಾರಿಯಿಂದ ದಸ್ತಗೀರ ಇಳಿದ. ಎರಡು ವರ್ಷದಲ್ಲಿ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ದಸ್ತಗೀರ ಹೋಗಿ ತಾಡಪತ್ರಿ ಎಳೆದ.

ಬಣ್ಣ ನೀಲಿ ಇತ್ತು ಅಂತ ಕಾಣುತ್ತಿತ್ತು.

ಮೊದಲು ಮಾತಾಡಿದವಳು ಹಾಜಿರಾಬೀ. "ಅಲಾ, ಇದು ದೋಣಿ!" ಎಂದಳು.

"ಬೋರ್ ಎಲ್ಲದ್ರಿ?" ಹಾವಗೆಪ್ಪನ ಕೈಯಲ್ಲಿ ಊದಿನಕಡ್ಡಿ ಉರಿಯುತ್ತಲೇ ಇತ್ತು.

"ಇದೇ ಅಲ್ರಿ ಬೋಟ."

"ಬೋಟ ಅಲ್ರಿ. ಬೋರ. ರ, ರ."

ಮಚ್ಛೇಂದ್ರ ಎಡಗಿವಿ ತಿರುಗಿಸಿದ. "ಟ," ಎಂದ. ಆಮೇಲೆ, ಬಹಳ ನಿಧಾನವಾಗಿ, "ರ?" ಎಂದ.

ಹೀಗೆ ಎರಡು ಅಕ್ಷರಗಳು ಮೂರು ವಾರದಲ್ಲಿ ಮೊದಲ ಸಲ ಪರಸ್ಪರ ಭೇಟಿಯಾದವು. ಅನಂತರದ ಹತ್ತು ನಿಮಿಷದಲ್ಲಿ ಓಣಿಯವರು ಆಡಿದ ಮಾತುಗಳನ್ನು ಪೂರ್ತಿ ವರದಿ ಮಾಡುವುದು ಕಷ್ಟ, ಏಕೆಂದರೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಪಕ್ಕದ ಓಣಿಯವರು ನಕ್ಕರು. ಗೋರಖನಾಥ ತನ್ನ ತಗಡಿನ ಪೆಟ್ಟಿಗೆಯ ಮೇಲೆ ಕೂತು, "ಮಾಮಾ, ನಾ ಪುಣೆ ಕೆಲಸ ಬಿಟ್ಟು ಮುಕಾದಮನಿಗೆ ಸಲಾಂ ಹೊಡದು ಬಂದೇನಿ," ಎಂದು ಮೂರು ಸಲ ಹೇಳಿದ. ಕೇಶರಬಾಯಿ ಕರಿಬೇವು ಕಡಿಸಿದ ಹಿತ್ತಲ ಕಡೆ ನೋಡುತ್ತ ನಿಂತಿದ್ದಳು.

"ಬೋಟ ಅಂದಿದ್ರಿ?" ಎಂದು ಗಂಡನನ್ನು ಕೇಳಿದಳು.

"ಅಂದಿದ್ದೆ."

"ನನಗ ಬೋರ ಕೇಳ್ಸಿತ್ತು." ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ದಸ್ತಗೀರ ಹಿತ್ತಲಿಗೆ ಹೋಗಿ ಬಂದ. ಬೇವಿನ ಮರ ನೋಡಿದ, ಬಚ್ಚಲು ನೋಡಿದ, ಒಣಗಿದ ನಳದ ಬಾಯಿ ನೋಡಿದ. "ನೀರು ಆಗ್ತದ ಅಂದಿದ್ದಿಯಲ್ಲ, ಮಚ್ಛ್ಯಾ."

ಮಚ್ಛೇಂದ್ರ ನೆಲ ನೋಡಿದ. "ನೀ ಬರಬೇಕಿತ್ತು. ಅದಕ್ಕ ಅಂದೆ."

"ದೋಣಿ ಇಳಿಸಿ ಹೋಗ್ತೇನಿ. ಐದೂ ಹತ್ತಕ್ಕ ಹೈದರಾಬಾದ ಬಸ್ ಅದಲ್ಲ, ಭಾಲ್ಕಿಯಿಂದ ಬರೋದು?"

"ಅದ," ಎಂದ ಮಚ್ಛೇಂದ್ರ. ಆ ವೇಳಾಪಟ್ಟಿ ಅವನೇ ಬರೆದದ್ದು.

ಅಷ್ಟರಲ್ಲಿ ಓಣಿಯ ಬಾಯಲ್ಲಿ ಹಾರ್ನು ಕೇಳಿಸಿತು. ದಾರಿಗೆ ಅಡ್ಡ ಲಾರಿ ನಿಂತದ್ದರಿಂದ ಮಾಣಿಕನ ಟ್ಯಾಂಕರು ಮುಂದೆ ಹೋಗಲಾರದೆ ನಿಂತಿತ್ತು. ಮಾಣಿಕ ರೂಢಿಯಂತೆ ತಲೆ ಹೊರಗೆ ಹಾಕಿ ಕೇಳಿದ. "ಟಾಕಿ ಅದ?" ಉತ್ತರ ಗೊತ್ತಿದ್ದರಿಂದ ಆಗಲೇ ಗಾಜು ಏರಿಸುತ್ತಿದ್ದ.

"ಅದ," ಎಂದಳು ಕೇಶರಬಾಯಿ. ಯಾವಾಗ ಹೊರಗೆ ಬಂದಳೋ ಯಾರೂ ನೋಡಿರಲಿಲ್ಲ. ಕೈಯಲ್ಲಿ ಹುಣಸೆಹಣ್ಣು ಮತ್ತು ಬೂದಿಯ ಬುಟ್ಟಿ ಇತ್ತು.

"ಎಲ್ಲದ?"

ಅವಳು ಲಾರಿಯ ಕಡೆ ಕೈ ಮಾಡಿದಳು. ಮಾಣಿಕ ಇಳಿದು ಬಂದು ನೋಡಿದ. "ಅಕ್ಕಾ, ಇದು ದೋಣಿ."

"ನಿನ್ನ ಕಾಗದದಾಗ ಟಾಕಿ ಅಂದ್ರ ಏನಂತ ಬರದದ, ಓದು."

ಮಾಣಿಕ ಕಾಗದ ತೆಗೆದು ಓದಿದ. "ನೀರು ಸಂಗ್ರಹಿಸುವ, ಸೋರಿಕೆ ಇಲ್ಲದ ಸಾಧನ."

"ಸೋರ್ತದೇನು, ದಸ್ತಗೀರಣ್ಣ?"

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ದಸ್ತಗೀರ ಈ ಮಾತಿಗೆ ಸೆಟೆದ. "ಏನ್ ಮಾತು ಆಡ್ತಿ, ತಂಗಿ. ಹನ್ನೊಂದು ವರ್ಷ ಹೊರಗಿನ ನೀರು ಒಳಗ ಬಿಟ್ಟಿಲ್ಲ ಇದು. ಒಳಗಿಂದು ಹೊರಗ ಬಿಡ್ತದೇನು?"

ಮೋಟರ್ ಬಿಚ್ಚಿ ಗೋರಖನಾಥನ ತಗಡಿನ ಪೆಟ್ಟಿಗೆಯ ಪಕ್ಕ ಇಟ್ಟರು. ಇಪ್ಪತ್ತು ಮಂದಿ ಹೆಗಲು ಕೊಟ್ಟು ದೋಣಿಯನ್ನು ಓಣಿಯುದ್ದಕ್ಕೂ ಹೊತ್ತು ನಡೆದರು. ಗೋರಖನಾಥ ಕಟ್ಟಡದ ಕೆಲಸದವನು. ಉಸುಕಿನ ಚೀಲ ಹಾಸಿ ಮಟ್ಟ ನೋಡಿದ. ತಳ ಚಪ್ಪಟೆ ಇದ್ದುದರಿಂದ ದೋಣಿ ಬೇವಿನ ಕೆಳಗೆ, ಕಾಯಿ ಎದ್ದು ನಿಂತ ಜಾಗದಲ್ಲೇ, ಅಲುಗದೆ ಕೂತಿತು. ಚೂಪು ತಳದ್ದು ತಂದಿದ್ದರೆ ಹೀಗೆ ಕೂಡುತ್ತಿರಲಿಲ್ಲ. ಆಯ್ಕೆಯಲ್ಲಿ ಮಚ್ಛೇಂದ್ರ ತಪ್ಪಿರಲಿಲ್ಲ ಎಂಬುದನ್ನು ದಾಖಲಿಸಬೇಕು. ಹೆಂಗಸರು ಒಳಗಿಳಿದು ಬೂದಿ ಹಾಕಿ ತಿಕ್ಕಿದರು. ಮಾಣಿಕನ ಪೈಪು ಗೋಡೆ ಹಾರಿ ಬಂತು. ಮೊದಲ ಹನಿ ನೀಲಿ ತಳದ ಮೇಲೆ ಬಿದ್ದಾಗ ಎಂಥ ಸದ್ದು ಬಂತೆಂದರೆ, ಎರಡೂ ಕಿವಿ ಸರಿಯಾಗಿ ಕೇಳದ ಹಾಜಿರಾಬೀಯೂ ತಿರುಗಿ ನೋಡಿದಳು.

ಎರಡು ಸಾವಿರದ ಮುನ್ನೂರು ಲೀಟರು ಹಿಡಿಯಿತು. ನಾಳೆಯೂ ಬರುತ್ತೇನೆಂದು ಮಾಣಿಕ ಬರೆದುಕೊಂಡು ಹೋದ: ಓಣಿ, ಟಾಕಿ, ನೀಲಿ. ಮನ್ಮಥಪ್ಪ ಟೊಪ್ಪಿಗೆ ಸರಿಮಾಡಿಕೊಂಡು, "ಇಲ್ಲೇ ನೀರು ಅಂತ ನಾ ಹೇಳಿರಲಿಲ್ಲೇನು?" ಎಂದು ಸಿಕ್ಕವರನ್ನೆಲ್ಲ ಕೇಳಿದ.

ದಸ್ತಗೀರ ಚೀಲ ಹೆಗಲಿಗೆ ಹಾಕಿಕೊಂಡ. ಮಚ್ಛೇಂದ್ರ ದಾರಿಗೆ ಅಡ್ಡ ನಿಂತ.

"ಎರಡೂ ಒಂದೇ ಕಡಿ ಇದ್ರ ಬರ್ತೇನಿ ಅಂದಿದ್ದಿ. ಬಂದ್ರ ಹೋಗಂಗಿಲ್ಲ ಅಂದಿದ್ದಿ."

"ಹೌದು."

"ದೋಣಿ ಎಲ್ಲದ?"

"ಅಲ್ಲಿ."

"ನೀರು?"

ದಸ್ತಗೀರ ಗಡ್ಡ ಕೆರೆದುಕೊಂಡ. "ಮಚ್ಛ್ಯಾ, ನೀರು ದೋಣಿ ಕೆಳಗಿರಬೇಕು. ಒಳಗಲ್ಲ."

"ಒಳಗೋ ಕೆಳಗೋ ಅಂತ ನೀ ಹೇಳಿರಲಿಲ್ಲ. ಒಂದೇ ಕಡ್ಯಾಗ ಅಂದಿದ್ದಿ. ಜುಬಾನ್ ಅಂದಿದ್ದಿ."

ಹಿತ್ತಲಲ್ಲಿ ಆಗಲೇ ಜಗಳ ಶುರುವಾಗಿತ್ತು. ರಟ್ಟಿನ ಹತ್ತೊಂಬತ್ತು ಹೆಸರಿನವರು ಒಂದು ಕಡೆ, ಉಳಿದವರು ಒಂದು ಕಡೆ. ಕೊಡಕ್ಕೆ ಕೊಡ ಬಡಿಯುತ್ತಿತ್ತು. ಎಲ್ಲರೂ ಒಂದೇ ಬದಿಗೆ ಮೈ ಒರಗಿಸಿದ್ದರಿಂದ ಉಸುಕಿನ ಚೀಲ ಜರುಗಿ ದೋಣಿ ವಾಲತೊಡಗಿತು. ದಸ್ತಗೀರ ಅದನ್ನು ನೋಡಿದ. ದೋಣಿ ಒಂದೇ ಬದಿಗೆ ವಾಲುವುದನ್ನು ನೋಡಿಕೊಂಡು ಸುಮ್ಮನಿರುವುದು ಅವನ ಮನೆತನದಲ್ಲೇ ಇರಲಿಲ್ಲ. ಚೀಲ ಕೆಳಗೆ ಹಾಕಿ, ಮಂದಿಯನ್ನು ದೂಡಿಕೊಂಡು ಹೋಗಿ, ಹಿಂಬದಿಯ ಹಲಗೆಯ ಮೇಲೆ ಹತ್ತಿ ನಿಂತ.

"ಅರ್ಧ ಮಂದಿ ಆ ಕಡಿ ಹೋಗ್ರಿ. ಮೊದಲು ಮುದುಕ್ರು. ಒಬ್ಬರಿಗೆ ಎರಡು ಕೊಡ. ನಿಲ್ರಿ, ದೂಡಬ್ಯಾಡ್ರಿ, ಎಲ್ಲಾರ್ನೂ ಮುಟ್ಟಸ್ತೇನಿ."

ಆಮೇಲೆ, ಕೇಳದೇ ಬಂದ ಕೆಮ್ಮಿನ ಹಾಗೆ, ಎರಡೂ ಕೈ ಬಾಯಿಗೆ ಹೋದವು. "ಆ ದಂಡಿಯವ್ರೂ... ಬರ್ರೀ, ದೋಣಿ ಬಿಡ್ತದ."

ಓಣಿಯ ಕೊನೆಯ ಮನೆಯಿಂದ ಹಾಜಿರಾಬೀ ಇನ್ನೊಂದು ಕೊಡ ಹಿಡಿದು ಹೊರಟಿದ್ದಳು. ಅರವತ್ತು ವರ್ಷದ ಹಿಂದೆ ಹೊಸ ಸೀರೆ ಉಟ್ಟು ಔರಾದ ದಂಡೆಯಿಂದ ಅವಳು ದಾಟಿ ಬಂದದ್ದು ಈ ಕೂಗಿಗೇ. "ಬಂದೇ, ಬಂದೇ," ಎಂದು ಕೂಗಿದಳು. "ಬಿಡಬ್ಯಾಡಪ್ಪಾ, ತಡೀ, ನಾ ಒಬ್ಬಾಕಿ ಉಳದೇನಿ."

ಸಂಜೆ ದೋಣಿಯಲ್ಲಿ ಗೇಣು ನೀರು ಉಳಿದಿತ್ತು. ಮಂದಿ ಹೋಗಿದ್ದರು. ಗೆಳೆಯರಿಬ್ಬರೂ ದೋಣಿಯ ಅಂಚಿನ ಮೇಲೆ ಎದುರುಬದುರು ಕೂತಿದ್ದರು. ಒಳಗಿನ ನೀರಿನಲ್ಲಿ ಬೇವಿನ ಎಲೆಯೊಂದು ಈ ಕಡೆಯಿಂದ ಆ ಕಡೆ ಹೋಗಿ ಮುಟ್ಟಿ, ಮತ್ತೆ ಈ ಕಡೆ ಬರುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಿದ್ದರು.

ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು. ಮಚ್ಛೇಂದ್ರ ಗಡಿಯಾರ ನೋಡಲಿಲ್ಲ.

"ಐದೂ ಹತ್ತರದ್ದು," ಎಂದ. "ಇವತ್ತು ನಾಲ್ಕು ನಿಮಿಷ ಲೇಟ್."

ದಸ್ತಗೀರನ ಚೀಲ ಬಚ್ಚಲಿನ ಗೋಡೆಗೆ ಒರಗಿಕೊಂಡಿತ್ತು. ಅವನು ಅದರ ಕಡೆ ಒಮ್ಮೆ ನೋಡಿ, ಬೆರಳಿನಿಂದ ಬೇವಿನ ಎಲೆಯನ್ನು ಆ ದಂಡೆಗೆ ನೂಕಿದ.

"ಯಾರೋ ಎರಡು ಸಲ ಒದರಿರಬೇಕು," ಎಂದ.